ಹನ್ನೊಂದರಿಂದ ನಾಲ್ಕು

ಅಂಜುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಕುವೈತಿನ ಶುಐಬಾದಲ್ಲಿ, ಪೈಪು ಮತ್ತು ಟ್ಯಾಂಕುಗಳೇ ತುಂಬಿರುವ ಒಂದು ಕಾರ್ಖಾನೆಯಲ್ಲಿ ನಾನು ಸೇಫ್ಟಿ ಸೂಪರ್‌ವೈಸರ್. ಉಳಿದವರು ಕೆಲಸ ಎಷ್ಟಾಯಿತು ಎಂದು ನೋಡಿದರೆ ನಾನು ಎಲ್ಲಿ ಬೀಳುತ್ತಾರೆ, ಎಲ್ಲಿ ಸುಟ್ಟುಕೊಳ್ಳುತ್ತಾರೆ, ಎಲ್ಲಿ ಸೋರುತ್ತದೆ ಎಂದು ನೋಡಬೇಕು. ಇಪ್ಪತ್ತು ವರ್ಷ ಹೀಗೆ ನೋಡಿದ ಮೇಲೆ ಕಣ್ಣಿಗೆ ಬೇರೆ ಏನೂ ಕಾಣುವುದಿಲ್ಲ. ಖೈತಾನಿನ ನಮ್ಮ ಫ್ಲ್ಯಾಟಿನಲ್ಲಿ ದಿನಕ್ಕೆ ಮೂರು ಸಲ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಮುಟ್ಟಿ ನೋಡುತ್ತೇನೆ. ಲಿಫ್ಟಿಗೆ ಜನ ಜಾಸ್ತಿಯಾದರೆ ನಾನೇ ಇಳಿದು ಮೆಟ್ಟಿಲು ಹಿಡಿಯುತ್ತೇನೆ. ಮದುವೆ ಊಟಕ್ಕೆ ಹೋದರೂ ಮೊದಲು ಹೊರಗೆ ಹೋಗುವ ಬಾಗಿಲು ಎಲ್ಲಿದೆ ಎಂದು ನೋಡಿಕೊಂಡೇ ಕೂರುವುದು.

"ನಿಮ್ಮನ್ನ ಕಟಗೊಂಡ ಮ್ಯಾಲೆ ನನಗ ಬ್ಯಾರೆ ಇನ್ಶೂರೆನ್ಸ್ ಯಾಕ ಬೇಕ್ರಿ," ಎನ್ನುತ್ತಾಳೆ ಹೆಂಡತಿ. ಅದು ಹೊಗಳಿಕೆಯಲ್ಲ ಎಂದು ನನಗೂ ಗೊತ್ತು.

ಬೇಸಿಗೆಯಲ್ಲಿ ನನ್ನ ಅಂಜಿಕೆಗೆ ಒಂದು ಕಾಯಂ ವೇಳೆ ಇದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕುವೈತಿನಲ್ಲಿ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರ ತನಕ ಬಿಸಿಲಲ್ಲಿ ಯಾರೂ ಕೆಲಸ ಮಾಡುವ ಹಾಗಿಲ್ಲ. ಅದು ಸರ್ಕಾರದ ನಿಯಮ. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗಲೇ ನಾನು ಸೀಟಿ ಊದುತ್ತೇನೆ. ಎತ್ತರದ ಅಟ್ಟಣಿಗೆಗಳಿಂದ ಹುಡುಗರು ಒಬ್ಬೊಬ್ಬರಾಗಿ ಇಳಿಯುತ್ತಾರೆ. ಇಳಿದವರನ್ನು ಎಣಿಸಿ ಶೆಡ್ಡಿನ ನೆರಳಿಗೆ ಕಳಿಸಿ, ಉಪ್ಪು ಸಕ್ಕರೆ ಕಲೆಸಿದ ನೀರು ಕುಡಿಯುವ ತನಕ ಎದುರಿಗೆ ನಿಂತಿರುತ್ತೇನೆ. ಇನ್ನೊಂದು ಬೋಲ್ಟ್ ಬಿಗಿಮಾಡಿ ಬರುತ್ತೇನೆ ಅನ್ನುವವನೊಬ್ಬ ಇದ್ದೇ ಇರುತ್ತಾನೆ. ಅವನಿಗೆ ನನ್ನ ಬಾಯಿಂದ ಬರುವುದು ಒಂದೇ ಮಾತು: "ಖಲಾಸ್ ಭಾಯಿ, ನೀಚೆ ಆವ್." ಬಿಸಿಲಿಗೆ ಬಿದ್ದ ಮನುಷ್ಯನ ಮುಖವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬೆವರು ನಿಂತು, ತುಟಿ ಬೂದಿ ಬಣ್ಣಕ್ಕೆ ತಿರುಗಿ, ತನ್ನ ಹೆಸರನ್ನೇ ತಾನು ಮರೆತ ಒಬ್ಬ ಫಿಟ್ಟರ್. ಅವನು ಬದುಕಿದ. ನಾನು ಮಾತ್ರ ಆವತ್ತಿನಿಂದ ಸೂರ್ಯನ ಜೊತೆ ಮಾತು ಬಿಟ್ಟೆ.

ಇಂಥವನನ್ನು ಗುಡ್ಡ ಹತ್ತಿಸಿದ್ದು ನನ್ನ ಮಗಳು. ಹನ್ನೆರಡನೆಯ ಕ್ಲಾಸು ಮುಗಿಸಿದ್ದಳು, ಮುಂದಿನ ಓದಿಗೆ ಹೊರಡುವ ಮೊದಲು ಮೂವರೂ ಒಮ್ಮೆ ಎಲ್ಲಿಗಾದರೂ ಹೋಗಬೇಕು ಎಂದು ಹಟ ಹಿಡಿದಳು. ಹುಟ್ಟಿದ್ದು ಬೆಳೆದದ್ದು ಎಲ್ಲ ಕುವೈತಿನಲ್ಲೇ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ಅವಳ ರೂಢಿ. ಸಮತಟ್ಟಾದ ನೆಲ ನೋಡಿ ನೋಡಿ ಅವಳಿಗೆ ಬೆಟ್ಟದ ಹುಚ್ಚು. ಕುವೈತಿನಲ್ಲಿ ವಾಸಕ್ಕೆ ಕೊಡುವ ಪರವಾನಗಿ, ಇಕಾಮಾ, ಇದ್ದರೆ ಜಾರ್ಜಿಯಾಕ್ಕೆ ವೀಸಾ ಬೇಡ. ಹಾಗಾಗಿ ಬೇಸಿಗೆ ಬಂತೆಂದರೆ ಇಲ್ಲಿಯ ಅರ್ಧ ಜನ ಅಲ್ಲೇ ಇರುತ್ತಾರೆ. ಇವಳಿಗೆ ಆ ಜನ ಹೋಗುವ ಜಾಗ ಬೇಡ. ರಾಚಾ ಎಂಬ ಹೆಸರಿನ ಒಂದು ಸೀಮೆ ಹುಡುಕಿದಳು. ಹಿಮದ ಬೆಟ್ಟಗಳ ಬುಡದಲ್ಲಿ ನಾಲ್ಕಾರು ಹಳ್ಳಿಗಳು, ಹೋಟೆಲಿಲ್ಲ, ಯಾರದೋ ಮನೆಯಲ್ಲಿ ಉಳಿದುಕೊಳ್ಳಬೇಕು. ಆಸ್ಪತ್ರೆ ಎಷ್ಟು ದೂರ ಎಂದು ಕೇಳಿದೆ. "ಪಪ್ಪಾ, ಪ್ಲೀಸ್," ಎಂದಳು. ಅದೇ ಉತ್ತರ.

ಹೋಗುವುದೇ ಆದರೆ ತಯಾರಾಗಿಯೇ ಹೋಗಬೇಕು. ಹೊರಗೆ ಕಾಲಿಟ್ಟರೆ ಚಪ್ಪಲಿ ಅಂಟುವ ಕಾಲ ಅದು. ರಜೆಯ ದಿನ ಅಂಗಡಿಗಳು ಬಾಗಿಲು ತೆಗೆಯುವ ಮೊದಲೇ ಮಾಲ್‌ಗೆ ಹೋಗಿ, ಎಸಿಯ ತಂಪಿನಲ್ಲಿ ಗಾಜಿನ ಹಿಂದಿನ ಗೊಂಬೆಗಳ ಎದುರು ಈ ತುದಿಯಿಂದ ಆ ತುದಿಗೆ ನಡೆದೆವು. ಉಳಿದ ದಿನ ನಮ್ಮ ಕಟ್ಟಡದ ಎಂಟು ಮಹಡಿಯ ಮೆಟ್ಟಿಲು. ಬೆನ್ನಿಗೆ ಚೀಲ, ಚೀಲದಲ್ಲಿ ನೀರಿನ ಬಾಟಲಿಗಳು. ಕಟ್ಟಡ ಕಾಯುವ ಹಾರಿಸ್ ಎರಡು ದಿನ ಸುಮ್ಮನೆ ನೋಡಿ ಮೂರನೆಯ ದಿನ ಕೇಳಿದ: "ಭಾಯಿ, ಲಿಫ್ಟ್ ಖರಾಬ್ ಹೈ ಕ್ಯಾ?" ಹೆಂಡತಿಯ ಮೊಣಕಾಲು ಎರಡನೆಯ ವಾರಕ್ಕೇ ಕೈಕೊಟ್ಟಿತು. ಅವಳು ಸೋಫಾದ ಮೇಲೆ ಕೂತು ನಮ್ಮ ಕಡೆ ನೋಡಿ ನಗುವ ಕೆಲಸ ಹಿಡಿದಳು.

ಪ್ಯಾಕಿಂಗ್ ನನ್ನದೇ. ರಾಚಾಕ್ಕೆ ಹೋದ ಮೇಲೂ ಬೆಟ್ಟಕ್ಕೆ ಹೊರಡುವ ದಿನ ನಾನು ಚೀಲಗಳಿಗೆ ತುಂಬಿದ್ದು ಎಂಟು ಲೀಟರ್ ನೀರು, ಉಪ್ಪು ಸಕ್ಕರೆಯ ಪೊಟ್ಟಣಗಳು, ಎರಡು ಟೋಪಿ, ಬಿಸಿಲಿಗೆ ಹಚ್ಚುವ ಕ್ರೀಮು, ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಬೆಚ್ಚನೆಯ ಬಟ್ಟೆ ಅಂತ ಇದ್ದದ್ದು ಮಗಳ ಒಂದು ತೆಳು ಸ್ವೆಟರ್ ಮಾತ್ರ, ಅದೂ ಸ್ಕೂಲಿನ ಎಸಿಗೆ ಹಾಕಿಕೊಳ್ಳುವಂಥದ್ದು.

"ಏನ್ರಿ, ಗುಡ್ಡಾ ಹತ್ತಾಕ ಹೊಂಟೀರೋ, ಆ ಊರಿಗೆ ನೀರ ಸಪ್ಲೈ ಮಾಡಾಕ ಹೊಂಟೀರೋ?" ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು. ಅವಳ ಹಿಂದೆಯೇ, ಆ ಮನೆಯ ಅಂಗಳದ ಆಚೆ, ನೀರು ಹರಿಯುವ ಸಪ್ಪಳ ಕೇಳುತ್ತಿತ್ತು. ಆ ಹಳ್ಳಿಯಲ್ಲಿ ನೀರಿನ ಸಪ್ಪಳವಿಲ್ಲದ ಜಾಗವೇ ಇರಲಿಲ್ಲ. ಆದರೂ ನಾನು ಒಂದು ಬಾಟಲಿಯನ್ನೂ ಕಡಿಮೆ ಮಾಡಲಿಲ್ಲ.

ನಾವು ಇಳಿದುಕೊಂಡಿದ್ದ ಮನೆಯೊಡತಿಗೆ ಅರವತ್ತು ದಾಟಿರಬೇಕು. ತಲೆಗೆ ಕರಿ ವಸ್ತ್ರ, ಕೈಯಲ್ಲಿ ಸದಾ ಏನಾದರೂ ಕೆಲಸ. ಗಂಡ ಒಂದು ಕುದುರೆ, ಮೂರು ಆಕಳು ನೋಡಿಕೊಂಡು ಮಾತಿಲ್ಲದೆ ಓಡಾಡುತ್ತಿದ್ದ. ಹುರುಳಿಕಾಳಿನಷ್ಟು ಕೆಂಪಗಿನ ಅವರೆಯಂಥ ಕಾಳು ಬೇಯಿಸಿ ಅರೆದು ಹಿಟ್ಟಿನೊಳಗೆ ತುಂಬಿ ಆಕೆ ಸುಡುತ್ತಿದ್ದ ರೊಟ್ಟಿಯನ್ನು ನನ್ನ ಹೆಂಡತಿ ಮೊದಲ ದಿನವೇ ಖಾರದ ಹೋಳಿಗೆ ಎಂದು ಕರೆದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು, ಆದರೂ ಇಬ್ಬರೂ ಕಾಳು ಬಿಡಿಸುತ್ತ ತಾಸುಗಟ್ಟಲೆ ಕೂರುತ್ತಿದ್ದರು. ಏನು ಮಾತಾಡುತ್ತಿದ್ದರೋ ನನಗೆ ತಿಳಿಯದು. ಬೆಟ್ಟಕ್ಕೆ ಹೊರಟಿದ್ದು ನಾನು ಮತ್ತು ಮಗಳು ಇಬ್ಬರೇ.

ಹೊರಡುವ ಹಿಂದಿನ ಸಂಜೆ ಮನೆಯೊಡತಿ ಮಗಳ ಫೋನಿಗೆ ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಫೋನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಓದಿತು. ದಾರಿಯಲ್ಲಿ ಒಂದು ಹಳ್ಳ ಸಿಗುತ್ತದೆ, ಕಲ್ಲುಗಳ ಮೇಲೆ ದಾಟಿ, ಮೇಲೆ ಹೋಗಿ ಬೆಟ್ಟ ನೋಡಿ, ಹನ್ನೆರಡರೊಳಗೆ ಹಳ್ಳ ದಾಟಿ ಈಚೆ ಬಂದುಬಿಡಿ, ಮಧ್ಯಾಹ್ನ ನೀರು ದೊಡ್ಡದಾಗುತ್ತದೆ. ಎರಡು ಸಲ ಹೇಳಿಸಿ ಕೇಳಿದೆವು. ಎರಡು ಸಲವೂ ಅದನ್ನೇ ಹೇಳಿತು. ಅರ್ಥವಾಗಲಿಲ್ಲ ಎಂದು ಈಗ ನಾನು ಹೇಳುವ ಹಾಗಿಲ್ಲ.

ನಾನು ಆಕಾಶ ನೋಡಿದೆ. ಒಂದು ಚೂರು ಮೋಡವಿಲ್ಲ. ಫೋನಿನಲ್ಲಿ ಮರುದಿನದ ಹವಾಮಾನ ನೋಡಿದೆ, ಪೂರ್ತಿ ಬಿಸಿಲು. ನಾನು ಕೃಷ್ಣೆಯ ದಂಡೆಯ ಕಡೆಯವನು. ನಮ್ಮಲ್ಲಿ ಹೊಳೆ ಏರಬೇಕೆಂದರೆ ಮೇಲೆಲ್ಲೋ ಮಳೆಯಾಗಬೇಕು, ಇಲ್ಲವೇ ಯಾರಾದರೂ ಡ್ಯಾಮಿನ ಗೇಟು ಎತ್ತಬೇಕು. "ಮಳೀನ ಇಲ್ಲ ಅಂದ ಮ್ಯಾಲೆ ನೀರು ಎಲ್ಲಿಂದ ಬರ್ತದ?" ಎಂದು ಮಗಳಿಗೆ ಹೇಳಿದೆ. "ಬಿಸಲ ಬಿದ್ರ ಹಳ್ಳ ಆರಬೇಕು, ತುಂಬಬಾರದು." ಅವಳು ಭುಜ ಕುಣಿಸಿದಳು. ಬಿಸಿಲು ಏನೇನು ಮಾಡುತ್ತದೆ ಎಂಬುದು ನನಗಿಂತ ಹೆಚ್ಚು ಯಾರಿಗೆ ಗೊತ್ತಿರಲು ಸಾಧ್ಯ ಎಂಬ ಗರ್ವ ನನ್ನದು.

ಬೆಳಿಗ್ಗೆ ಆರಕ್ಕೆ ಹೊರಟೆವು. ಏಳರ ಸುಮಾರಿಗೆ ಹಳ್ಳ ಸಿಕ್ಕಿತು. ಒಂಬತ್ತು ಕಲ್ಲುಗಳು, ಒಂದೊಂದೂ ಮಣೆಯಷ್ಟು ಅಗಲ, ನೀರು ಅವುಗಳ ಸಂದಿಯಲ್ಲಿ ಸುಮ್ಮನೆ ಜಾರುತ್ತಿತ್ತು. ಒಂದು ಕಡೆ ಕಾಲು ತಪ್ಪಿ ಇಳಿದೆ, ಕಾಲ್ಗಿಣ್ಣೂ ಮುಳುಗಲಿಲ್ಲ. ಇದಕ್ಕಾಗಿ ಆ ಹೆಂಗಸು ಎರಡೆರಡು ಸಲ ಹೇಳಿದಳಲ್ಲ ಎಂದು ನಕ್ಕೆ.

ಆಚೆ ಹುಲ್ಲುಗಾವಲು ಏರುತ್ತ ಹೋಯಿತು. ಹುಲ್ಲು ಸೊಂಟದ ತನಕ, ನಡುನಡುವೆ ಹಳದಿ ಹೂ, ನೀಲಿ ಹೂ. ಮಗಳು ಮುಂದೆ, ನಾನು ಹಿಂದೆ. ಹಾವಿರಬಹುದು ಎಂದು ಕೋಲಿನಿಂದ ಹುಲ್ಲು ಬಡಿಯುತ್ತ ನಡೆದೆ. ದೂರದಲ್ಲಿ ಕುರಿ ಕಾಯುವ ನಾಯಿ ಬೊಗಳಿದರೆ ಕಲ್ಲು ಆರಿಸಿಕೊಂಡೆ. ಮಗಳು ಬಂಡೆ ಏರಿದರೆ ಕೆಳಗೆ ನಿಂತು ಕೈ ಚಾಚಿದೆ. ಇಪ್ಪತ್ತು ಹೆಜ್ಜೆಗೊಮ್ಮೆ "ಅವ್ವಾ, ಹುಷಾರು" ಎಂದೆ. ಮಗಳನ್ನು ನಾನು ಕರೆಯುವುದೇ ಅವ್ವಾ ಅಂತ, ನಮ್ಮ ಕಡೆ ಹಾಗೆ. ಹತ್ತೂಕಾಲಿಗೆ ಒಂದು ದಿಬ್ಬದ ಮೇಲೆ ನಿಂತೆವು. ಎದುರಿಗೆ ಬೆಟ್ಟದ ಎದೆಯ ಮೇಲೆ ಹಿಮದ ದೊಡ್ಡ ಹಾಸು, ಕೆಳಗಿನ ಅಂಚಿನಲ್ಲಿ ನೀಲಿಗಟ್ಟಿದ ಬಿರುಕುಗಳು. ಅದರ ಬುಡದಿಂದಲೇ ನಮ್ಮ ಹಳ್ಳ ದಾರದ ಹಾಗೆ ಹೊರಟಿದ್ದು ಕಾಣುತ್ತಿತ್ತು. ಮಗಳು ನನ್ನ ತೋಳಿಗೆ ತಲೆ ಆನಿಸಿ, "ಥ್ಯಾಂಕ್ ಯೂ, ಪಪ್ಪಾ" ಎಂದಳು. ಆ ಅರ್ಧ ತಾಸು ನಾನು ಯಾವುದಕ್ಕೂ ಅಂಜಲಿಲ್ಲ ಎಂದು ನೆನಪು.

ಅಷ್ಟರಲ್ಲಿ ಬಿಸಿಲು ಚುರುಗುಟ್ಟತೊಡಗಿತು. ಎತ್ತರದ ಬಿಸಿಲು ಬೇರೆಯೇ ಥರ, ಗಾಳಿ ತಣ್ಣಗಿದ್ದರೂ ಕುತ್ತಿಗೆ ಸುಡುತ್ತದೆ. ಮಗಳ ಮೂಗು ಕೆಂಪಾಗಿತ್ತು. ಕೈಗಡಿಯಾರ ನೋಡಿದೆ. ಹನ್ನೊಂದಕ್ಕೆ ಹತ್ತು ನಿಮಿಷ.

"ಅವ್ವಾ, ಸಾಕು. ನೆರಳಿಗೆ ನಡಿ. ಹನ್ನೊಂದಾತು."

"ಬಟ್ ಆಂಟಿ ಸೆಡ್ ಬಿ ಬ್ಯಾಕ್ ಬೈ ಟ್ವೆಲ್ವ್," ಎಂದಳು ಮಗಳು. ಈಗ ಇಳಿದರೆ ಒಂದು ತಾಸು, ಸರಿಹೋಗುತ್ತದೆ ಎಂದೂ ಹೇಳಿದಳು.

"ಈ ಬಿಸಲಾಗ ಒಂದು ತಾಸು ಬೋಳು ಗುಡ್ಡದಾಗ ಇಳಿಯೂದಾ? ನೀ ಬಿದ್ರ ನಿನ್ನ ಯಾರ ಹೊತಗೊಂಡ ಹೋಗಾವ್ರು? ಬಿಸಲ ಇಳೀಲಿ, ಆಮ್ಯಾಲೆ ಹೋಗೂನು."

"ಪಪ್ಪಾ, ಇಟ್ಸ್ ಟ್ವೆಂಟಿ ಡಿಗ್ರೀಸ್."

ನಾನು ಕೇಳಲಿಲ್ಲ. ದಿಬ್ಬದ ಪಕ್ಕದಲ್ಲಿ ಬಿಳಿ ತೊಗಟೆಯ ನಾಲ್ಕಾರು ಮರಗಳಿದ್ದವು. ಅವುಗಳ ಕೆಳಗೆ ಕೂರಿಸಿ, ಉಪ್ಪು ಸಕ್ಕರೆ ನೀರು ಕಲೆಸಿ, ಕುಡಿಯುವ ತನಕ ಎದುರಿಗೆ ನಿಂತೆ. ರೊಟ್ಟಿ ತಿಂದೆವು. ಬಂದಾಗಿನಿಂದ ಹೊಸ ಜಾಗ, ಹೊಸ ಹಾಸಿಗೆ, ಬಾಗಿಲ ಚಿಲಕ ಸರಿಯಿಲ್ಲ ಅಂತ ನನಗೆ ನಿದ್ದೆಯೇ ಆಗಿರಲಿಲ್ಲ. ಹುಲ್ಲಿನ ಮೇಲೆ ಸ್ವಲ್ಪ ಒರಗಿದೆ. ಕಣ್ಣು ಬಿಟ್ಟಾಗ ಮೂರೂವರೆ.

ಮಗಳು ಮರಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ಯಾಕೆ ಎಬ್ಬಿಸಲಿಲ್ಲ ಎಂದು ರೇಗಿದೆ. ನೀವು ಇಷ್ಟು ದಿನದಲ್ಲಿ ಮೊದಲನೆಯ ಸಲ ನಿದ್ದೆ ಮಾಡಿದಿರಿ, ಮನಸ್ಸಾಗಲಿಲ್ಲ ಎಂದು ಅವಳ ಇಂಗ್ಲಿಷಿನಲ್ಲಿ ಹೇಳಿದಳು.

ಇಳಿಯುವಾಗ ಹಳ್ಳ ಕಾಣುವ ಮೊದಲೇ ಅದರ ಸದ್ದು ಕೇಳಿತು. ಬೆಳಿಗ್ಗೆ ಈ ಸದ್ದಿರಲಿಲ್ಲ. ಹತ್ತಿರವಾದಂತೆ ಆ ಸದ್ದಿನೊಳಗೆ ಇನ್ನೊಂದು ಸದ್ದು, ಖಾಲಿ ಡ್ರಮ್ಮುಗಳು ಒಂದಕ್ಕೊಂದು ತಾಗಿದ ಹಾಗೆ, ದಬ್ ದಬ್ ಎಂದು. ನೀರಿನಡಿ ಕಲ್ಲುಗಳು ಉರುಳುತ್ತಿದ್ದವು. ದಂಡೆಗೆ ಬಂದು ನೋಡಿದರೆ ಒಂಬತ್ತು ಕಲ್ಲುಗಳಲ್ಲಿ ಒಂದೂ ಇರಲಿಲ್ಲ. ಬೂದಿ ಕಲೆಸಿದಂಥ ನೀರು ದಂಡೆಯ ಹುಲ್ಲನ್ನು ಎಳೆದು ಬಾಗಿಸುತ್ತ ಓಡುತ್ತಿತ್ತು. ಆಕಾಶದಲ್ಲಿ ಆಗಲೂ ಒಂದು ಮೋಡವಿರಲಿಲ್ಲ.

ದಂಡೆಗುಂಟ ಮೇಲೆ ಹೋದೆವು, ಕೆಳಗೆ ಬಂದೆವು. ಸೇತುವೆಯಿಲ್ಲ, ಬಿದ್ದ ಮರವಿಲ್ಲ, ಮನುಷ್ಯರ ಸುಳಿವಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಐದು ಗಂಟೆಗೇ ಬೆಟ್ಟದ ನೆರಳು ನಮ್ಮ ಮೇಲೆ ಬಿತ್ತು. ಬಿದ್ದ ಕೂಡಲೇ ಚಳಿ. ಎರಡು ತೆಳು ಅಂಗಿ, ಒಂದು ಎಸಿ ಸ್ವೆಟರ್, ಇನ್ನೂ ಐದು ಲೀಟರ್ ಕುಡಿಯುವ ನೀರು. ಆ ಬಾಟಲಿಗಳನ್ನು ನೋಡಿ ನನ್ನ ಮೇಲೆಯೇ ನನಗೆ ಎಷ್ಟು ಸಿಟ್ಟು ಬಂತೆಂದರೆ, ಒಂದನ್ನು ತೆಗೆದು ಕಲ್ಲಿಗೆ ಬಡಿದೆ.

ಏನು ಮಾಡಬೇಕು ಎಂಬುದು ನನಗೆ ಗೊತ್ತಿತ್ತು. ಇದನ್ನು ಮುಚ್ಚಿಡದೆ ಹೇಳಬೇಕು. ನಿಂತಲ್ಲೇ ನಿಲ್ಲಬೇಕಿತ್ತು. ಸಂಶಯ ಬಂದರೆ ಕೆಲಸ ನಿಲ್ಲಿಸು, ಯಾರು ಬೈದರೂ ಸರಿ ಎಂದು ನಾನು ದಿನಾ ಬೆಳಿಗ್ಗೆ ನೂರು ಜನರ ಎದುರು ನಿಂತು ಹೇಳುತ್ತೇನೆ. ಮರಗಳ ಬುಡಕ್ಕೆ ಹೋಗಿ, ಒಬ್ಬರಿಗೊಬ್ಬರು ಒತ್ತಿಕೊಂಡು, ಬೆಳಗಿನ ತನಕ ನಡುಗಿದ್ದರೆ ನೆಗಡಿ ಬರುತ್ತಿತ್ತು, ಜೀವ ಹೋಗುತ್ತಿರಲಿಲ್ಲ. ಆದರೆ ಈ ಹಳ್ಳದ ಈಚೆ ಸಿಕ್ಕಿಬಿದ್ದದ್ದು ನನ್ನ ಮಾತಿನಿಂದ. ಆಚೆ ಹೆಂಡತಿ ಮಧ್ಯಾಹ್ನದಿಂದ ದಾರಿ ನೋಡುತ್ತಿದ್ದಾಳೆ. ನನ್ನ ತಪ್ಪನ್ನು ಇಡೀ ರಾತ್ರಿ ನೋಡುತ್ತ ಕೂರುವುದು ನನ್ನಿಂದಾಗುತ್ತಿರಲಿಲ್ಲ. ಹಾಗಾಗಿ ಕೆಳಗಡೆ ಹಳ್ಳ ಅಗಲವಾಗಿ ಹರಡಿದ್ದ ಜಾಗ ತೋರಿಸಿ ಮಗಳು, "ಇಟ್ಸ್ ಷಾಲೋ ಹಿಯರ್. ವಿ ಕ್ಯಾನ್ ಡೂ ಇಟ್," ಎಂದಾಗ ಜೀವಮಾನದಲ್ಲಿ ಮೊದಲನೆಯ ಸಲ ನಾನು ಬೇಡ ಎನ್ನಲಿಲ್ಲ.

"ಆತು. ನನ್ನ ಕೈ ಗಟ್ಟಿ ಹಿಡಕೊ. ನಾ ಬಿಡಂಗಿಲ್ಲ," ಎಂದೆ.

ಶೂ ಹಾಕಿಕೊಂಡೇ ಇಳಿದೆವು. ನೀರಿನ ಚಳಿ ಚರ್ಮಕ್ಕಲ್ಲ, ನೇರ ಎಲುಬಿಗೆ ತಾಗಿತು. ಮೊದಲು ಮೊಣಕಾಲು, ಆಮೇಲೆ ತೊಡೆ. ನನ್ನ ಬಲಗೈಯಲ್ಲಿ ಅವಳ ಎಡಗೈ. ಮುಂದಿನ ಹೆಜ್ಜೆ ಇಡುವ ಮೊದಲು ಹಿಂದಿನ ಕಾಲಡಿಯ ಮರಳು ಸರಿದುಹೋಗುತ್ತಿತ್ತು. ಹತ್ತಿರ ಹತ್ತಿರ ಅರ್ಧ ದಾಟಿದ್ದೆವು. ಅವಳ ಕಾಲಿಗೆ ಏನು ತಾಗಿತೋ, ಒಮ್ಮೆಲೇ ಕುಸಿದಳು. ನೀರು ಅವಳ ಚೀಲವನ್ನು ಹಿಡಿದು ಎಳೆಯಿತು. ಅವಳ ಪೂರ್ತಿ ಭಾರ ನನ್ನ ತೋಳಿಗೆ ಬಂತು. ನನ್ನ ಕಾಲು ಜಾರತೊಡಗಿತು, ಒಂದು ಗೇಣು, ಇನ್ನೊಂದು ಗೇಣು. ಅವಳ ಮುಖ ಮೇಲಕ್ಕೆ ನನ್ನ ಕಡೆ ತಿರುಗಿತ್ತು.

ನಾನು ಬೆರಳು ಬಿಚ್ಚಿದೆ.

ಕೈ ಒದ್ದೆಯಾಗಿ ಜಾರಿದ್ದಲ್ಲ. ಅವಳು ಬಿಡಿಸಿಕೊಂಡದ್ದೂ ಅಲ್ಲ. ಯೋಚನೆ ಮಾಡಿ ಬಿಟ್ಟದ್ದಂತೂ ಅಲ್ಲವೇ ಅಲ್ಲ. ನಾನು ಬೀಳುತ್ತಿದ್ದೆ, ಬೀಳಬಾರದು ಅನ್ನಿಸಿತು, ಬೆರಳು ತೆರೆದುಕೊಂಡವು. ಅಷ್ಟೇ. ಆ ಕ್ಷಣದಲ್ಲಿ ನನ್ನ ತಲೆಯೊಳಗೆ ಮಗಳು ಇರಲಿಲ್ಲ. ನಾನೊಬ್ಬನೇ ಇದ್ದೆ.

ಅವಳ ತಲೆ ಮುಳುಗಿತು. ಕೆಂಪು ಚೀಲ ಒಮ್ಮೆ ಮಗುಚಿ ಮತ್ತೆ ಮೇಲೆ ಬಂತು. ನಾಲ್ಕು ಮಾರು ಕೆಳಗೆ, ಆಚೆ ದಂಡೆಯ ಬಳಿ ನೀರು ತಿರುಗುವಲ್ಲಿ ಗರಸಿನ ಒಂದು ದಿಣ್ಣೆಯಿತ್ತು. ಹಳ್ಳ ಅವಳನ್ನು ಅಲ್ಲಿಗೆ ಒಯ್ದು ಹಾಕಿತು. ಅವಳು ಅಂಬೆಗಾಲಿನಲ್ಲಿ ಎದ್ದು, ಕೆಮ್ಮಿ, ಕೆಮ್ಮಿ, ಕೂತಳು. ಬದುಕಿದ್ದಳು. ನಾನು ನಡುನೀರಿನಿಂದ ಹಿಂದಕ್ಕೆ ತಿರುಗಿದೆ. ಅವಳ ಕಡೆಗಲ್ಲ, ಹೊರಟುಬಂದ ದಂಡೆಗೆ. ಅದು ಎರಡು ಹೆಜ್ಜೆ ಹತ್ತಿರವಿತ್ತು.

ಈಗ ಅವಳು ಆಚೆ, ನಾನು ಈಚೆ. ಅವಳು ಎದ್ದು ನಿಂತು ಕೂದಲು ಹಿಂದಕ್ಕೆ ಸರಿಸಿ ನನ್ನನ್ನೇ ನೋಡಿದಳು. ಸುಮಾರು ಹೊತ್ತು ನೋಡಿದಳು. ಆಮೇಲೆ ಎರಡೂ ಅಂಗೈ ಕೆಳಕ್ಕೆ ಒತ್ತಿ ತೋರಿಸುತ್ತ ಕೂಗಿದಳು: "ಸಿಟ್ ದೇರ್, ಪಪ್ಪಾ. ಡೋಂಟ್ ಗೆಟ್ ಇನ್." ಚೀಲ ಕಳಚಿ ಅಲ್ಲೇ ಎಸೆದು ಹಳ್ಳಿಯ ಕಡೆ ಓಡಿದಳು.

ಕೂತೆ. ಒಂದೂವರೆ ತಾಸು. ಆ ಒಂದೂವರೆ ತಾಸಿನಲ್ಲಿ ನನ್ನ ತಲೆಯೊಳಗೆ ನಾನು ಅವಳನ್ನು ಏನೇನು ಮಾಡಿ ಕೊಂದೆ ಎಂದು ಹೇಳಲಾರೆ. ಒದ್ದೆ ಬಟ್ಟೆಯಲ್ಲಿ ಚಳಿ ಹತ್ತಿ ದಾರಿಯಲ್ಲಿ ಕುಸಿದಳು. ತಲೆಗೆ ಒಳಪೆಟ್ಟಾಗಿತ್ತು, ಓಡುತ್ತ ಓಡುತ್ತ ಬಿದ್ದಳು. ನಾಯಿಗಳು ಸುತ್ತುಗಟ್ಟಿದವು. ಇಂಥ ಕಲ್ಪನೆಗಳಲ್ಲಿ ನನಗೆ ಒಳ್ಳೆಯ ತರಬೇತಿಯಿದೆ. ಅವುಗಳ ನಡುವೆಯೇ ಇನ್ನೊಂದು ಯೋಚನೆಯೂ ಬರುತ್ತಿತ್ತು, ಹೆಂಡತಿಗೆ ಏನು ಹೇಳುವುದು ಎಂದು. ಅದು ಬಂದಾಗ ನನಗೆ ನನ್ನ ಮೇಲೆ ಅಸಹ್ಯವಾಗುತ್ತಿತ್ತು. ಆದರೂ ಮತ್ತೆ ಬರುತ್ತಿತ್ತು.

ಕೊನೆಗೆ ಮನೆಯೊಡತಿಯ ಗಂಡ ಕುದುರೆಯ ಮೇಲೆ ಬಂದ. ಪಕ್ಕದಲ್ಲಿ ಅವನ ದೊಡ್ಡ ಕೋಟು ಹೊದ್ದು ಮಗಳು ನಡೆದು ಬರುತ್ತಿದ್ದಳು. ನಡೆಯುತ್ತಿದ್ದಳು ಎಂಬುದೇ ನನಗೆ ಸಾಕಾಗಿತ್ತು, ಅಲ್ಲೇ ಕೂತು ಅತ್ತೆ. ಅವನು ಅವಳನ್ನು ಆಚೆ ನಿಲ್ಲಿಸಿ, ಇನ್ನೂ ಮೇಲಿನ ಒಂದು ಜಾಗದಲ್ಲಿ ಕುದುರೆ ಇಳಿಸಿ ಬಂದು, ನನ್ನನ್ನು ಹಿಂದೆ ಹತ್ತಿಸಿಕೊಂಡ. ನಾನು ಅವನ ಸೊಂಟ ತಬ್ಬಿ ಕಣ್ಣು ಮುಚ್ಚಿದೆ. ಆಚೆ ಇಳಿದ ಮೇಲೆ ಆ ಮುದುಕ ಬೈಯಲಿಲ್ಲ. ಸೂರ್ಯ ಮರೆಯಾಗಿದ್ದ ದಿಕ್ಕಿಗೆ ಬೆರಳು ಮಾಡಿದ, ಮೇಲಿನ ಹಿಮದ ಕಡೆ ಮಾಡಿದ, ಆಮೇಲೆ ಹಳ್ಳದ ಕಡೆ. ಮೂರೇ ಸಲ. ಇಷ್ಟು ಸುಲಭದ್ದನ್ನು ತಿಳಿಯಲು ನನಗೆ ಐವತ್ತು ವರ್ಷ ಬೇಕಾಯಿತು. ಆ ಹಳ್ಳಕ್ಕೆ ನೀರು ಬಿಡುವುದು ಮಳೆಯಲ್ಲ, ಬಿಸಿಲು.

ಹೆಂಡತಿ ಅಂಗಳದಲ್ಲೇ ನಿಂತಿದ್ದಳು. ಮಗಳನ್ನು ಮುಟ್ಟಿ ಮುಟ್ಟಿ ನೋಡಿ, ಒಲೆಯ ಮುಂದೆ ಕೂರಿಸಿ, ಆಮೇಲೆ ನನ್ನ ಕಡೆ ತಿರುಗಿದಳು. "ನಿಮ್ಮ ಬುದ್ಧಿ ಎಲ್ಲಿ ಇಟ್ಟಿದ್ರಿ? ಆಕಿ ಅಷ್ಟು ಹೇಳಿದ್ಲು. ಅಷ್ಟು ಹೇಳಿದ್ಲು." ನಾನು ಬಾಯಿ ತೆರೆಯುವ ಮೊದಲೇ ಮಗಳು ಒಲೆಯ ಮುಂದಿನಿಂದಲೇ ಮಾತಾಡಿದಳು. ಪಪ್ಪಾನನ್ನು ಬೈಯಬೇಡ ಎಂದಳು. ತಾನು ಬಿದ್ದಾಗ ಪಪ್ಪಾ ಸರಿಯಾದ ಹೊತ್ತಿಗೆ ಕೈ ಬಿಟ್ಟರು, ಹಿಡಿದೇ ಇದ್ದಿದ್ದರೆ ಇಬ್ಬರೂ ಹೋಗುತ್ತಿದ್ದೆವು, ದಿಣ್ಣೆ ನೋಡಿಯೇ ಆ ಕಡೆ ಬಿಟ್ಟರು ಎಂದಳು. ಹೆಂಡತಿ ನನ್ನ ಮುಖ ನೋಡಿದಳು. ಹೌದೇ ಎಂದು ಕೇಳುವ ಹಾಗೆ. ನಾನು ಒದ್ದೆ ಶೂ ಬಿಚ್ಚುತ್ತ ತಲೆ ಬಗ್ಗಿಸಿದೆ. ಅವಳು ಅದನ್ನು ಹೌದು ಎಂದೇ ತಿಳಿದಳು.

ಕುವೈತಿಗೆ ಮರಳಿದ ಮೇಲೆ ಈ ಕತೆ ನನಗಿಂತ ಮುಂದೆ ಓಡಿತು. ಹೆಂಡತಿ ಊರಿಗೆ ಫೋನು ಮಾಡಿದಾಗಲೆಲ್ಲ ಹೇಳಿದಳು. ಒಂದು ಶುಕ್ರವಾರ ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬಂದಿದ್ದ ಮೇಲಿನ ಮಹಡಿಯವರು, ಮಂಗಳೂರು ಕಡೆಯವರು, ಆಸ್ಪತ್ರೆಯಲ್ಲಿ ಕೆಲಸ, ನನ್ನ ಬೆನ್ನು ತಟ್ಟಿದರು. "ನಿಮ್ಮದು ಪ್ರೆಸೆನ್ಸ್ ಆಫ್ ಮೈಂಡ್ ಮಾರಾಯ್ರೆ. ಬೇರೆಯವರಾದ್ರೆ ಹಿಡ್ಕೊಂಡೇ ಇಬ್ಬರೂ ಹೋಗ್ತಿದ್ರು. ಸುಮ್ನೆ ಅಲ್ಲ ನಿಮ್ಗೆ ಸೇಫ್ಟಿ ಕೆಲಸ ಕೊಟ್ಟದ್ದು." ಹೆಂಡತಿ ಅವರಿಗೆ ಇನ್ನೊಂದು ಹೋಳಿಗೆ ಬಡಿಸಿದಳು. ವರ್ಷಗಟ್ಟಲೆ ನನ್ನ ಅಂಜಿಕೆಯನ್ನು ಆಡಿಕೊಂಡವಳು ಈಗ ಅದರ ಬಗ್ಗೆ ಹೆಮ್ಮೆಪಡುತ್ತಿದ್ದಳು. ನಾನು ಕಲೆಸಿದ ಅನ್ನವನ್ನೇ ಮತ್ತೆ ಮತ್ತೆ ಕಲೆಸುತ್ತಿದ್ದೆ.

ಆ ಮೇಲೆ ನನಗೆ ಹೊಸ ರೋಗ ಹಿಡಿಯಿತು. ಅಟ್ಟಣಿಗೆ ಹತ್ತುವಾಗ, ಸ್ಟೀರಿಂಗ್ ಹಿಡಿದಾಗ, ನನ್ನ ಬಲಗೈಯನ್ನೇ ನೋಡುತ್ತಿದ್ದೆ. ಇದು ಯಾವಾಗ ಏನು ಮಾಡುತ್ತದೋ ಹೇಳಲಾಗದು ಎನ್ನಿಸುತ್ತಿತ್ತು. ಇಷ್ಟು ವರ್ಷ ನಾನು ಅಂಜಿದ್ದು ಹೊರಗಿನದಕ್ಕೆ, ಬೆಂಕಿಗೆ, ಬಿಸಿಲಿಗೆ, ಸೋರುವ ಪೈಪಿಗೆ. ಮಗಳು ಹೊರಡಲು ಎರಡೇ ವಾರ ಉಳಿದಿತ್ತು. ಅವಳು ನನ್ನ ಬಗ್ಗೆ ಒಂದು ಸುಳ್ಳನ್ನು ನಿಜವೆಂದು ನಂಬಿಕೊಂಡು ಹೋಗುತ್ತಾಳೆ ಎಂಬುದು ನನ್ನನ್ನು ತಿನ್ನುತ್ತಿತ್ತು. ಹೇಳಿದರೆ ಅವಳ ಕಣ್ಣಲ್ಲಿ ಏನು ಕಾಣಬೇಕಾದೀತೋ ಎಂಬುದು ಅದಕ್ಕಿಂತ ಹೆಚ್ಚು ತಿನ್ನುತ್ತಿತ್ತು.

ಕಾರಿನ ಎಸಿ ಕೆಟ್ಟಿತು. ಶುವೈಖ್‌ನ ಇಂಡಸ್ಟ್ರಿಯಲ್ ಏರಿಯಾದಲ್ಲಿ ರಿಪೇರಿಗೆ ಬಿಟ್ಟು, ಅಂಗಡಿಯ ಒಳಗೆ ಟೈರುಗಳ ಪಕ್ಕದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ನಾನೂ ಮಗಳೂ ಕೂತಿದ್ದೆವು. ಸಂಜೆ ಐದು ಗಂಟೆ. ಅವಳು ಫೋನು ನೋಡುತ್ತಿದ್ದಳು. ನಾನು ಗೋಡೆ ನೋಡುತ್ತ ಶುರು ಮಾಡಿದೆ.

"ಅವ್ವಾ, ಆವತ್ತ ಹಳ್ಳದಾಗ... ನೀ ಮಮ್ಮಿಗೆ ಹೇಳಿದೆಲ್ಲ, ಹಂಗಲ್ಲ ಅದು. ನಾ ದಿಣ್ಣಿ ನೋಡಿರಲಿಲ್ಲ. ನಾ ಏನೂ ನೋಡಿರಲಿಲ್ಲ."

ಅವಳು ಫೋನಿನಿಂದ ತಲೆ ಎತ್ತಲಿಲ್ಲ. "ಐ ನೋ, ಪಪ್ಪಾ."

"ಏನ ಗೊತ್ತದ?"

"ಯು ಗಾಟ್ ಸ್ಕೇರ್ಡ್. ಐ ವಾಸ್ ಲುಕಿಂಗ್ ಅಟ್ ಯುವರ್ ಫೇಸ್."

ಒಳಗೆ ಯಾರೋ ಕಂಪ್ರೆಸರ್ ಚಾಲೂ ಮಾಡಿದರು, ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಅದು ನಿಂತ ಮೇಲೆ ಅವಳು, "ಡೋಂಟ್ ಟೆಲ್ ಮಮ್ಮಿ," ಎಂದಳು. ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ, ಕನಿಕರವೂ ಇರಲಿಲ್ಲ. ಮನೆಗೆ ಹಾಲು ತರಬೇಕು ಎನ್ನುವಷ್ಟೇ ಸಾದಾ ಆಗಿ ಹೇಳಿದಳು. ಮೆಕ್ಯಾನಿಕ್ ಬಂದು ಕೀಲಿ ಕೊಟ್ಟ. ಅವಳೇ ಎದ್ದು ತೆಗೆದುಕೊಂಡಳು.

ಮನೆಯ ದಾರಿಯಲ್ಲಿ ನಾನು ಒಂದೊಂದೇ ಹಿಂದಕ್ಕೆ ಲೆಕ್ಕ ಹಾಕಿದೆ. ಒಲೆಯ ಮುಂದೆ ಆ ಕತೆ ಕಟ್ಟಿದಾಗ ಅವಳಿಗೆ ಗೊತ್ತಿತ್ತು. ಕೋಟು ಹೊದ್ದು ಕುದುರೆಯ ಪಕ್ಕ ನಡೆದು ಬರುವಾಗ ಗೊತ್ತಿತ್ತು. ಅದಕ್ಕೂ ಮೊದಲು, ಆಚೆ ದಂಡೆಯಲ್ಲಿ ಕೂದಲು ಸರಿಸಿ ನನ್ನನ್ನು ಅಷ್ಟು ಹೊತ್ತು ನೋಡಿದಾಗಲೇ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೇ ಅವಳು ನನ್ನನ್ನು ನೀರಿಗಿಳಿಯಬೇಡಿ ಎಂದು ಕೂರಿಸಿ, ಒದ್ದೆ ಶೂಗಳಲ್ಲಿ, ಜನರನ್ನು ಕರೆತರಲು ಓಡಿದ್ದಳು.